ಆಕಳಿಕೆಯ ತೂಕ

ಊರಿನ ಹೆಸರು ಹೇಳಲ್ಲ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ ಅಂತಲ್ಲ. ಬೇರೆ ಊರಿನವರೆಲ್ಲ ಬಂದು 'ಇದು ನಮ್ಮೂರೇ ಅಲ್ಲವಾ?' ಅಂತ ಕೇಳುತ್ತಾರೆ, ಅವರಿಗೆಲ್ಲ ಉತ್ತರ ಕೊಡುವಷ್ಟು ತಾಳ್ಮೆ ನನಗಿಲ್ಲ. ಒಂದು ನದಿ, ನದಿಗೆ ಇಳಿಯುವ ಮೆಟ್ಟಿಲು, ಮೆಟ್ಟಿಲ ತುದಿಗೆ ಒಂದು ಕಲ್ಲಿನ ಮಂಟಪ. ಇಷ್ಟು ಗೊತ್ತಿದ್ದರೆ ಸಾಕು.

ಆ ಊರಲ್ಲಿ ಹಾಡನ್ನು ತೂಗುತ್ತಿದ್ದರು. ತಕ್ಕಡಿಯಲ್ಲಲ್ಲ, ಆಕಳಿಕೆಯಲ್ಲಿ.

ನಗಬೇಡಿ, ಅವರು ನಗುತ್ತಿರಲಿಲ್ಲ. ಯಾರಾದರೂ ಹೊಸ ಮಟ್ಟು ಕಟ್ಟಿದರೆ ಅದನ್ನು ಮಂಟಪಕ್ಕೆ ತಂದು ಜನರ ಮುಂದೆ ನುಡಿಸಬೇಕು. ಅಲ್ಲಿ ತೂಕದವರು ಅಂತ ಒಂದು ಗುಂಪು. ಬಿಳಿ ಪಂಚೆ, ಬಿಳಿ ಶಲ್ಯ, ಮುಖ ಮಾತ್ರ ಹಸಿ ಹುಣಸೆಕಾಯಿ ಕಚ್ಚಿದ ಹಾಗೆ. ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಎರಡೂ ಕಿವಿಗೆ ತುರುಕಿಕೊಂಡು, ನುಡಿಸುವವನಿಗೆ ಬೆನ್ನು ಕೊಟ್ಟು, ಜನರ ಕಡೆ ಮುಖ ಮಾಡಿ ಕೂರುತ್ತಿದ್ದರು. ಹತ್ತಿ ಯಾಕಪ್ಪಾ ಅಂದರೆ, ಕೇಳಿದವನು ಹಾಡಿನ ಕಡೆಗೆ ವಾಲಿಬಿಡುತ್ತಾನಂತೆ, ವಾಲಿದವನ ಬಾಯಲ್ಲಿ ನ್ಯಾಯ ಬರುವುದಿಲ್ಲವಂತೆ. ಹಾಗಾಗಿ ಜನರ ಮುಖ ಮಾತ್ರ ನೋಡಬೇಕು. ಜನರ ಕಣ್ಣಲ್ಲಿ ನೀರು ಬಂತೋ, ಹಾಡು ಹಗುರ. ಕಾಲು ತಾಳ ಹಾಕಿತೋ, ಇನ್ನೂ ಹಗುರ. ಜನ ಆಕಳಿಸಿದರೋ, ಹಾಡು ಭಾರ. ಬಾಯಿ ತೆರೆದಾಗ ಜ್ಞಾನ ಒಳಗೆ ಇಳಿಯುತ್ತದೆ ಅಂತ ಹಿಂದೆ ಯಾವನೋ ಪುಣ್ಯಾತ್ಮ ಹೇಳಿ ಸತ್ತಿದ್ದ. ಅವನು ಹೇಳಿದ, ಇವರು ಹಿಡಿದುಕೊಂಡರು. ಆ ಊರಿನ ನ್ಯಾಯ ಅದು.

ಭಾರವಾದ ಮಟ್ಟಿಗೆ ಸಾವಿಲ್ಲ. ಅದನ್ನು ಭಾರದ ಮನೆಗೆ ಒಪ್ಪಿಸುತ್ತಿದ್ದರು. ಅಲ್ಲಿ ಊರಿನ ಮಕ್ಕಳೆಲ್ಲ ಸಾಲಾಗಿ ಕೂತು ಅದನ್ನು ಕಲಿಯುತ್ತಿದ್ದರು, ಕಲಿತು ತಮ್ಮ ಮಕ್ಕಳಿಗೆ ಕಲಿಸುತ್ತಿದ್ದರು. ಹಗುರವಾದ ಮಟ್ಟು ಕಟ್ಟಿದವನ ಜೊತೆಗೇ ಬದುಕಬೇಕು, ಅವನ ಜೊತೆಗೇ ಸಾಯಬೇಕು. ಅವನು ಸತ್ತ ದಿನ ಅವನ ವಾದ್ಯದ ತಂತಿ ಕತ್ತರಿಸಿ ಎದೆಯ ಮೇಲಿಟ್ಟು ಸುಡುತ್ತಿದ್ದರು. ಆಮೇಲೆ ಯಾರಾದರೂ ಆ ಮಟ್ಟನ್ನು ಗುನುಗಿದರೆ, ಗುನುಗಿದವರನ್ನು ನದಿ ದಾಟಿಸಿ ಬಿಟ್ಟು ಬರುತ್ತಿದ್ದರು. ದಾಟಿದವರು ಹಿಂತಿರುಗಿ ಬರುವ ಹಾಗಿಲ್ಲ.

ಈ ಊರಲ್ಲಿ ಒಬ್ಬ ಕಿನ್ನರಿಯವ ಇದ್ದ. ಮಟ್ಟು ಕಟ್ಟುವವನೂ ಅವನೇ, ಕಿನ್ನರಿ ಹಿಡಿದು ನುಡಿಸುವವನೂ ಅವನೇ. ಅದೇ ಅವನು ಮಾಡಿದ ಮೊದಲ ತಪ್ಪು. ಅವನು ನುಡಿಸಲು ಕೂತರೆ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕ್ಷೌರದವನು ಅರ್ಧ ಗಡ್ಡ ಬೋಳಿಸಿ ಕತ್ತಿ ಹಿಡಿದು ನಿಂತುಬಿಡುತ್ತಿದ್ದ, ಅರ್ಧ ಗಡ್ಡದವನೂ ಯಾಕೆ ನಿಲ್ಲಿಸಿದೆ ಅನ್ನುತ್ತಿರಲಿಲ್ಲ. ಜಗಳವಾಡುತ್ತಿದ್ದ ಅತ್ತೆ ಸೊಸೆ ಒಂದೇ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಇಂಥವನು ಮಂಟಪಕ್ಕೆ ಬಂದರೆ ಏನಾಗುತ್ತೆ ಹೇಳಿ. ಊರಿಗೆ ಊರೇ ಅಳುತ್ತಿತ್ತು, ತೂಕದವರು ಆ ಮುಖಗಳನ್ನೆಲ್ಲ ಒಂದು ಸುತ್ತು ನೋಡಿ, ಕೈ ಎತ್ತಿ ಗಾಳಿಯಲ್ಲಿ ಹೊಟ್ಟು ತೂರಿದ ಹಾಗೆ ಆಡಿಸಿ, "ಹಗುರ!" ಅನ್ನುತ್ತಿದ್ದರು.

ಅಷ್ಟಕ್ಕೇ ಬಿಟ್ಟರೆ ಅವರು ತೂಕದವರು ಹೇಗಾದಾರು? ಒಬ್ಬ, "ಬೆರಳೇನೋ ಓಡುತ್ತೆ, ಆದರೆ ಬೆರಳಿಗೆ ಬುದ್ಧಿ ಇರುತ್ತೇನ್ರೀ?" ಅನ್ನುತ್ತಿದ್ದ. ಇನ್ನೊಬ್ಬ, "ಅವನು ತಲೆ ಆಡಿಸೋದು ನೋಡಿ ಹೆಂಗಸರು ಅಳ್ತಾರೆ, ಮಟ್ಟಿನಲ್ಲಿ ಏನೂ ಇಲ್ಲ" ಅನ್ನುತ್ತಿದ್ದ. ಬೆನ್ನು ಹಾಕಿ ಕೂತವನಿಗೆ ತಲೆ ಆಡಿಸಿದ್ದು ಹೇಗೆ ಕಂಡಿತೋ, ಆ ದೇವರಿಗೇ ಗೊತ್ತು. ಮೂರನೆಯವ, ತಾನೂ ಹರೆಯದಲ್ಲಿ ಕಿನ್ನರಿ ಹಿಡಿದು ಒಂದು ಸ್ವರ ಕೂಡ ನೆಟ್ಟಗೆ ನುಡಿಸಲಾರದೆ ಎದ್ದು ಬಂದವನು, "ಚೆನ್ನಾಗಿ ನುಡಿಸ್ತಾನಲ್ಲ, ಅದೇ ಮೋಸ. ಇವನ ಕೈಯಿಂದ ತೆಗೆದು ಬೇರೆಯವರ ಕೈಗೆ ಕೊಡಿ, ಮಟ್ಟು ಸತ್ತು ಬೀಳುತ್ತೆ" ಅನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಕುಣಿಯುವವಳನ್ನೇ ಡೊಂಕು ಅಂದ.

ಜನವೋ? ಜನರ ಮಾತು ಬಿಡಿ. ಗಳಗಳ ಅತ್ತವರೇ, ತೀರ್ಪು ಬಂದ ತಕ್ಷಣ ಮೂಗೊರೆಸಿಕೊಂಡು "ಹೌದು ಹೌದು, ಹಗುರವೇ. ನಮಗೂ ಹಾಗೇ ಅನ್ನಿಸಿತು" ಅನ್ನುತ್ತಾ ಮೆಟ್ಟಿಲಿಳಿದು ಹೋಗುತ್ತಿದ್ದರು. ಥೂ.

ಕಿನ್ನರಿಯವ ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡವನಲ್ಲ. "ಕತ್ತೆಗೆ ಗೊತ್ತೇ ಕಸ್ತೂರಿ ಪರಿಮಳ" ಅಂತ ನಕ್ಕು, ಮನೆಗೆ ಹೋಗಿ ಇನ್ನೊಂದು ಮಟ್ಟು ಕಟ್ಟುತ್ತಿದ್ದ. ಅವನ ಹೆಂಡತಿಗೆ ಒಂದು ಕಾಲು ಗಿಡ್ಡ. ನೀರು ಹೊತ್ತು ನದಿಯಿಂದ ಬರುವಾಗ ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ, ಒಂದು ಉದ್ದ, ಒಂದು ಗಿಡ್ಡ. ಆ ಹೆಜ್ಜೆ ಕೇಳಿದರೆ ಸಾಕು, ಇವನ ಮುಖ ಅರಳುತ್ತಿತ್ತು. ಅವಳು ತೀರಿಕೊಂಡ ವರ್ಷ ಇವನು ಒಂದು ಮಟ್ಟು ಕಟ್ಟಿದ. ಅದರಲ್ಲಿ ಆ ನಡಿಗೆ ಇತ್ತು. ಒಂದು ಸ್ವರ ನಿಂತು, ಒಂದು ಸ್ವರ ಓಡಿ, ಒಂದು ನಿಂತು, ಒಂದು ಓಡಿ, ಮನೆಯ ಹತ್ತಿರ ಹತ್ತಿರ ಬರುತ್ತಿತ್ತು. ತಾಯಿಯಿಲ್ಲದ ಮಗಳನ್ನು ಅದೇ ಮಟ್ಟು ನುಡಿಸಿ ಮಲಗಿಸಿದ. ಮಗಳು ಅದನ್ನು ಕೇಳಿಕೊಂಡೇ ಬೆಳೆದಳು, ದೋಣಿ ನಡೆಸುವವನನ್ನು ಮದುವೆಯಾದಳು, ಈಗ ತುಂಬಿದ ಬಸುರಿ. ಆ ಮಟ್ಟನ್ನೂ ಮಂಟಪದಲ್ಲಿ ತೂಗಿಯಾಗಿತ್ತು. ಅದೂ ಹಗುರವೇ.

ಹೀಗಿರುವಾಗ ಕಿನ್ನರಿಯವನಿಗೆ ಎದೆಯ ಕಾಯಿಲೆ ಹತ್ತಿತು. ಪಂಡಿತರು ನಾಡಿ ಹಿಡಿದು ನೋಡಿ, ಮದ್ದು ಕೊಡದೆ ಚೀಲ ಕಟ್ಟಿಕೊಂಡರು. ಮಗಳಿಗೆ ಅರ್ಥವಾಯಿತು. ಅಪ್ಪ ಹೋದರೆ ಅಪ್ಪನ ಜೊತೆ ಅವ್ವನ ನಡಿಗೆಯೂ ಹೋಗುತ್ತೆ. ಹುಟ್ಟುವ ಮಗುವಿಗೆ ಆ ಮಟ್ಟು ಹಾಡಿದರೆ ನದಿ ದಾಟಬೇಕು. ದಾಟಿಸುವವನು ಯಾರು? ಅವಳ ಗಂಡನೇ. ಹಗುರ ಗುನುಗಿದವರನ್ನು ಆಚೆ ದಡಕ್ಕೆ ಬಿಡುವುದು ಅವನದೇ ದೋಣಿ.

ಅವಳು ಹೊಟ್ಟೆ ಹೊತ್ತುಕೊಂಡು, ತೂಕದವರಿಗೆಲ್ಲ ಹಿರಿಯರಾದ ದೊಡ್ಡ ತೂಕದವರ ಮನೆಗೆ ಹೋದಳು. ಅವರ ಹೆಂಡತಿ ಜಗಲಿ ಮೇಲೆ ಕೂರಿಸಿ, "ಸ್ನಾನಕ್ಕೆ ಹೋಗಿದ್ದಾರೆ ಕಣಮ್ಮಾ, ಇರು" ಅಂದಳು. ಬಚ್ಚಲುಮನೆಯಿಂದ ನೀರು ಸುರಿಯುವ ಸದ್ದು, ಸದ್ದಿನ ನಡುವೆ ಗುನುಗು. ಒಂದು ಸ್ವರ ನಿಂತು, ಒಂದು ಸ್ವರ ಓಡಿ. ಮಗಳು ಕಿವಿ ನಿಮಿರಿಸಿದಳು. ಅಪ್ಪನ ಮಟ್ಟೇ, ಅವ್ವನ ನಡಿಗೆಯೇ! ಬಚ್ಚಲಿಗೆ ಹತ್ತಿ ತೆಗೆದುಕೊಂಡು ಹೋಗುವ ಪದ್ಧತಿ ಇರಲಿಲ್ಲ ಅಂತ ಕಾಣುತ್ತೆ.

ದೊಡ್ಡ ತೂಕದವರು ತಲೆ ಒರೆಸಿಕೊಳ್ಳುತ್ತಾ ಬಂದರು.

"ಸ್ವಾಮೀ," ಅಂದಳು ಮಗಳು, "ನೀವೇ ಗುನುಗ್ತಿದ್ದಿರಲ್ಲ ಅದನ್ನ. ಕಣ್ಣು ಕೂಡ ಕೆಂಪಗಿದೆ. ಅದು ಹಗುರ ಅಂತ ಹ್ಯಾಗೆ ಹೇಳ್ತೀರಿ?"

"ಸೀಗೆಕಾಯಿ ಕಣ್ಣಿಗೆ ಬಿತ್ತು," ಅಂದರು ಅವರು.

"ಗುನುಗಿದ್ದು?"

"ನೋಡಮ್ಮಾ, ಬಚ್ಚಲುಮನೆಯದ್ದು ಬಚ್ಚಲುಮನೆಗೆ, ಮಂಟಪದ್ದು ಮಂಟಪಕ್ಕೆ. ನಾನು ಅತ್ತರೆ ಅದು ನನ್ನ ದೌರ್ಬಲ್ಯ. ಅಳಿಸೋ ಹಾಡಿಗೆ ತೂಕ ಕೊಟ್ಟರೆ ನಾಳೆ ನಮ್ಮನ್ನ ಯಾರು ಕೇಳ್ತಾರೆ? ಈರುಳ್ಳಿ ಹೆಚ್ಚುವವಳನ್ನೂ ಮಂಟಪಕ್ಕೆ ಕರೀಬೇಕಾಗುತ್ತೆ." ತಮ್ಮ ಮಾತಿಗೆ ತಾವೇ ತಲೆದೂಗಿದರು. "ಕಟ್ಟಿದವನು ಬದುಕಿರೋ ತನಕ ಮತ್ತೆ ತೂಗಿಸೋಕೆ ಅವಕಾಶ ಇದೆ. ಕರ್ಕೊಂಡು ಬಾ. ಜನ ಆಕಳಿಸಿದರೆ ನಾನೇ ಎದ್ದು ಭಾರ ಅಂತ ಕೂಗ್ತೀನಿ. ನನಗೇನು ನಿಮ್ಮಪ್ಪನ ಮೇಲೆ ಹಗೆಯೇ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇದೇ. ಆದರೆ ಮಗಳು ಆ ಮಾತಿನ ಒಂದು ತುದಿ ಹಿಡಿದುಕೊಂಡು ಮನೆಗೆ ಬಂದಳು.

ಅಪ್ಪ ಗೋಡೆಗೊರಗಿ ಕೂತಿದ್ದ. ಅವಳು ಗಂಜಿ ಕುಡಿಸಿ, ಬಾಯಿ ಒರೆಸಿ, ಎದುರಿಗೆ ಕೂತಳು.

"ಅಪ್ಪಾ, ಅವ್ವನ ಮಟ್ಟನ್ನ ಮಂಟಪದಲ್ಲಿ ಇನ್ನೊಂದು ಸಲ ನುಡಿಸು."

"ಯಾಕವ್ವಾ? ಮತ್ತೆ ಅಳ್ತಾರೆ, ಮತ್ತೆ ಹಗುರ ಅಂತಾರೆ. ಆ ಮುಖಗಳನ್ನ ನೋಡೋಕೆ ಉಸಿರು ಸಾಲದು ನನಗೆ."

"ಅಳದ ಹಾಗೆ ನುಡಿಸು."

ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. "ಕುಂಟು ತೆಗೆದುಬಿಡು. ಒಂದು ಉದ್ದ ಒಂದು ಗಿಡ್ಡ ಬೇಡ. ಎಲ್ಲಾ ಸ್ವರಾನೂ ಒಂದೇ ಉದ್ದಕ್ಕೆ ನುಡಿಸು, ಜೋಡಿಸಿಟ್ಟ ಇಟ್ಟಿಗೆ ಹಾಗೆ. ಜನ ಆಕಳಿಸ್ತಾರೆ. ಅವರು ಭಾರ ಅಂತಾರೆ. ಮಟ್ಟು ಉಳಿಯುತ್ತೆ."

ಕಿನ್ನರಿಯವನ ಮುಖ ಕಪ್ಪಾಯಿತು. ಜನ್ಮದಲ್ಲಿ ಮಗಳ ಮೇಲೆ ದನಿ ಏರಿಸದವನು ಅವತ್ತು ಏರಿಸಿದ. "ಏನು ಮಾತು ಅಂತ ಆಡ್ತಿದ್ದೀಯೇ? ಕುಂಟು ತೆಗೆದರೆ ಅದರಲ್ಲಿ ನಿಮ್ಮವ್ವ ಎಲ್ಲಿರ್ತಾಳೆ? ಆ ನಡಿಗೆ ಬಿಟ್ಟು ಅದರಲ್ಲಿ ಇನ್ನೇನಿದೆ?" ಕೆಮ್ಮು ಬಂದು ಮಾತು ನಿಂತಿತು. ಉಸಿರು ತಿರುಗಿದ ಮೇಲೆ ಮೆಲ್ಲಗೆ ಅಂದ, "ಅವರು ಹಗುರ ಅಂದರು, ಅಂದುಕೊಳ್ಳಲಿ. ನಾನು ಒಂದು ದಿನಾನೂ ಕೆಟ್ಟದಾಗಿ ನುಡಿಸಿದವನಲ್ಲ ಮಗಳೇ. ಇದೊಂದೇ ಇರೋದು ನನ್ನ ಹತ್ತಿರ."

ಮಗಳು ಅವನ ಕೈ ತೆಗೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗೆ ಮಗು ಒದೆಯಿತು.

"ಇದಕ್ಕೆ ನಾನು ಏನು ಹಾಡಲಿ ಅಪ್ಪಾ? ಸುಮ್ಮನೆ ಮಲಗಿಸಲಾ? ಒಂದೇ ಒಂದು ಸಲ ಕೆಟ್ಟದಾಗಿ ನುಡಿಸು. ಅಪ್ಪಣೆ ಸಿಕ್ಕಿಬಿಡಲಿ, ಆಮೇಲೆ ಮನೆಯಲ್ಲಿ ನಾನು ಸರಿಯಾಗಿ ಹಾಡ್ಕೋತೀನಿ. ಯಾರು ಕೇಳ್ತಾರೆ?"

ಕಿನ್ನರಿಯವ ಬಹಳ ಹೊತ್ತು ಕೈ ಅಲ್ಲೇ ಇಟ್ಟುಕೊಂಡಿದ್ದ. ಆಮೇಲೆ, "ಕಿನ್ನರಿ ಕೊಡು," ಅಂದ.

ಕೆಟ್ಟದಾಗಿ ನುಡಿಸುವುದನ್ನು ಅವನು ಕಲಿಯಬೇಕಾಯಿತು, ಗೊತ್ತೇ? ಸುಲಭ ಅಂದುಕೊಂಡಿರಾ? ಬೆರಳು ತಾನಾಗಿ ನಿಲ್ಲುತ್ತಿತ್ತು, ತಾನಾಗಿ ಓಡುತ್ತಿತ್ತು. ಅವನು ಅದನ್ನು ಹಿಡಿದು ಹಿಡಿದು ನೇರ ಮಾಡಿದ. ಪ್ರತಿ ಸಲ ನೇರ ಮಾಡಿದಾಗಲೂ ಹೆಂಡತಿಯ ಹೆಸರು ಹೇಳಿ "ತಪ್ಪಾಯಿತೇ" ಅನ್ನುತ್ತಿದ್ದ. ಮಗಳು ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳು.

ತೂಕದ ದಿನ ಬೆಳಿಗ್ಗೆ ಅವನನ್ನು ಕಂಬಳಿಯಲ್ಲಿ ಕೂರಿಸಿ ಮಂಟಪಕ್ಕೆ ಹೊತ್ತು ತಂದರು. ಜನ ಕಿಕ್ಕಿರಿದಿದ್ದರು. ಕೊನೆಯ ಸಲ ಅಳೋಣ ಅಂತ ಬಂದಿದ್ದರು, ಸೆರಗು, ಕರವಸ್ತ್ರ ಎಲ್ಲ ಸಿದ್ಧ ಮಾಡಿಕೊಂಡು. ತೂಕದವರು ಹತ್ತಿ ಅದ್ದಿದರು, ತುರುಕಿಕೊಂಡರು, ಬೆನ್ನು ತಿರುಗಿಸಿದರು. ಕಿನ್ನರಿಯವ ತಂತಿ ಮೀಟಿದ.

ಒಂದು ಸ್ವರ, ಒಂದು ಸ್ವರ, ಒಂದು ಸ್ವರ. ಎಲ್ಲ ಒಂದೇ ಉದ್ದ, ಒಂದೇ ದಪ್ಪ. ಯಾರೋ ಸತ್ತವರ ಮನೆಯಲ್ಲಿ ಹೊತ್ತು ಹೋಗದೆ ಜಗಲಿ ಮೇಲೆ ಕೂತ ಹಾಗಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎತ್ತಿದ ಸೆರಗು ಇಳಿಯಿತು. ಮುಂದಿನ ಸಾಲಿನ ಎಣ್ಣೆ ಗಾಣದವನು ದವಡೆ ಬಿಗಿಹಿಡಿದ, ಬಿಗಿಹಿಡಿದ, ತಡೆಯಲಾಗದೆ ಬಾಯಿ ತೆರೆದ. ಅವನನ್ನು ನೋಡಿ ಅವನ ಹೆಂಡತಿ, ಅವಳನ್ನು ನೋಡಿ ಪಕ್ಕದವಳು. ಆಕಳಿಕೆ ಸಾಲು ಸಾಲಾಗಿ ಹಿಂದಕ್ಕೆ ಹೋಯಿತು. ಕ್ಷೌರದವನಂತೂ ಕಣ್ಣಲ್ಲಿ ನೀರು ಬರುವ ಹಾಗೆ ಆಕಳಿಸಿದ.

ದೊಡ್ಡ ತೂಕದವರು ಎದ್ದು ನಿಂತರು. ಕಿವಿಯ ಹತ್ತಿ ಕಿತ್ತು ನದಿಗೆ ಎಸೆದರು. "ಭಾರ!" ಅಂತ ಕೂಗಿದರು. ಉಳಿದವರೂ ಎದ್ದು "ಭಾರ! ಭಾರ!" ಅಂದರು. ಬೆರಳಿಗೆ ಬುದ್ಧಿ ಇಲ್ಲ ಅಂದಿದ್ದವನು, "ನೋಡಿ, ಆಟವೆಲ್ಲ ಬಿಟ್ಟು ಮಾಗಿದ್ದಾನೆ" ಅಂದ. ತಲೆ ಆಡಿಸ್ತಾನೆ ಅಂದಿದ್ದವನು, "ಇದು ಮೊದಲಿಂದಲೂ ಇವನಲ್ಲಿ ಇತ್ತು, ನಾನು ಒಬ್ಬನೇ ಗುರುತಿಸಿದ್ದು" ಅಂದ. ಎಲ್ಲರೂ ಸೇರಿ ಕಿನ್ನರಿಯವನಿಗೆ ಶಾಲು ಹೊದಿಸಿದರು. ಒಂದು ಮಟ್ಟು ಭಾರವಾದರೆ ಕಟ್ಟಿದವನೇ ಭಾರ, ಅವನು ಕಟ್ಟಿದ ಉಳಿದದ್ದೆಲ್ಲವೂ ಭಾರ. ಅದೂ ಆ ಊರಿನ ನ್ಯಾಯವೇ. ಶಾಲಿನೊಳಗೆ ಕಿನ್ನರಿಯವ ತಲೆ ಎತ್ತಲಿಲ್ಲ.

ಆ ವಾರದಲ್ಲೇ ಅವನು ಹೋಗಿಬಿಟ್ಟ. ಹೋಗುವ ಮುಂಚೆ, "ಒಂದು ಸಲ ಅವಳನ್ನ ನಡೆಸು" ಅಂದ. ಮಗಳು ಬಾಗಿಲು ಮುಚ್ಚಿ, ಕುಂಟು ಕುಂಟಾಗಿಯೇ ಹಾಡಿದಳು. ಒಂದು ನಿಂತು, ಒಂದು ಓಡಿ. ಅವನು ಬಾಗಿಲ ಕಡೆ ಮುಖ ಮಾಡಿಕೊಂಡು ಕೇಳಿದ, ಹಾಗೇ ಕಣ್ಣು ಮುಚ್ಚಿದ. ತಂತಿ ಯಾರೂ ಕತ್ತರಿಸಲಿಲ್ಲ.

ಇದ್ದಾಗ ಅವನಿಗೆ ಒಂದು ಲೋಟ ಮಜ್ಜಿಗೆ ಕೊಡದವರು ಸತ್ತ ಮೇಲೆ ಅವನ ಕಲ್ಲಿನ ಮೂರ್ತಿಗೆ ಹಾಲೆರೆದರು. ಆ ಮೂರ್ತಿ ನೋಡಬೇಕು ನೀವು. ಕೈಯಲ್ಲಿ ಕಿನ್ನರಿ ಇಲ್ಲ. ಎರಡೂ ಕೈ ಎದೆಯ ಮೇಲೆ ಕಟ್ಟಿಸಿ ನಿಲ್ಲಿಸಿದ್ದಾರೆ. ಭಾರವಾದವರು ನುಡಿಸುವುದಿಲ್ಲ, ಬರೀ ಕಟ್ಟುತ್ತಾರೆ ಅಂತ ತೂಕದವರು ಸಭೆ ಸೇರಿ ನಿರ್ಧಾರ ಮಾಡಿದ್ದರು. ಅವನು ನುಡಿಸುತ್ತಿದ್ದನಲ್ಲ ಅಂತ ಒಬ್ಬ ಮುದುಕಿ ಕೇಳಿದ್ದಕ್ಕೆ, "ಅದು ಹೊಟ್ಟೆಪಾಡು ಅಜ್ಜೀ, ಅದನ್ನ ಮರೀಬೇಕು" ಅಂದರಂತೆ. ಮುದುಕಿ ಆವತ್ತೇ ಮರೆತಳು. ಎಲ್ಲರೂ ಮರೆತರು, ಮರೆಯುವುದರಲ್ಲಿ ಆ ಊರಿನವರು ಬಲು ಚುರುಕು.

ಮಗಳಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತನ ಮುಗಿಸಿ ಒಂದು ಬೆಳಿಗ್ಗೆ ಭಾರದ ಮನೆಯ ಮುಂದೆ ಹಾದು ಹೋಗುವಾಗ ಒಳಗಿಂದ ಅಪ್ಪನ ಮಟ್ಟು ಕೇಳಿಸಿತು. ಮಕ್ಕಳು ಸಾಲಾಗಿ ಕೂತು ಹಾಡುತ್ತಿದ್ದರು. ಒಂದು ಸ್ವರ, ಒಂದು ಸ್ವರ, ಒಂದು ಸ್ವರ. ಅವಳು ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಒಳಗೆ ನುಗ್ಗಿದಳು.

"ಸ್ವಾಮೀ, ಅದು ಹಾಗಲ್ಲ. ಅದರಲ್ಲಿ ಕುಂಟು ಇದೆ. ನಮ್ಮವ್ವ ಕುಂಟುತ್ತಿದ್ದಳು."

ಮಕ್ಕಳಿಗೆ ಕಲಿಸುತ್ತಾ ಕೂತಿದ್ದ ದೊಡ್ಡ ತೂಕದವರು ಅವಳನ್ನು ಕರುಣೆಯಿಂದ ನೋಡಿದರು. ಆ ಕರುಣೆಗೆ ಬೆಂಕಿ ಹಾಕ. "ಅಷ್ಟು ದೊಡ್ಡವರ ಮಗಳಾಗಿ ಹೀಗೆ ಮಾತಾಡಬಹುದೇನಮ್ಮಾ? ಅವರು ಮಂಟಪದಲ್ಲಿ ನುಡಿಸಿದ್ದೇ ಪ್ರಮಾಣ. ಊರೇ ಸಾಕ್ಷಿ ಇದೆ."

"ಅದು ಬೇಕಂತಲೇ ಕೆಡಿಸಿ ನುಡಿಸಿದ್ದು. ನಾನೇ ಹೇಳಿಕೊಟ್ಟಿದ್ದು! ನೀವು ಬಚ್ಚಲುಮನೆಯಲ್ಲಿ ಗುನುಗ್ತಿದ್ದಿರಲ್ಲ, ಅದರಲ್ಲಿ ಕುಂಟು ಇರಲಿಲ್ಲವೇ?"

"ಆಗ ನನಗೂ ತಿಳುವಳಿಕೆ ಸಾಲದಾಗಿತ್ತು," ಅಂದರು ಅವರು. "ಈಗ ಬಚ್ಚಲುಮನೆಯಲ್ಲೂ ನೇರವಾಗೇ ಹಾಡ್ಕೋತೀನಿ." ಆಮೇಲೆ ದನಿ ತಗ್ಗಿಸಿ, "ದುಃಖದಲ್ಲಿ ಏನೋ ಅಂತಿದ್ದೀಯ. ನಾನು ಕೇಳಿಸಿಕೊಂಡಿಲ್ಲ ಅಂದುಕೋ. ಅವರ ಹೆಸರಿಗೆ ಮಸಿ ಬಳೀಬೇಡ" ಅಂದರು. ತಾವು ಆಡಿದ ಈ ಮಾತನ್ನಂತೂ ಅವರು ಸತ್ಯವಾಗಿ ನಡೆಸಿದರು, ಕೇಳಿಸಿಕೊಳ್ಳಲೇ ಇಲ್ಲ.

ಅವಳು ಮನೆಗೆ ಬಂದಳು. ಹೋಗಲಿ, ಮನೆ ಇದೆಯಲ್ಲ ಅಂದುಕೊಂಡಳು. ಬಾಗಿಲು ಹಾಕಿ ಮಗುವಿಗೆ ಕುಂಟು ಕುಂಟಾಗಿ ಹಾಡಿದಳು. ಮಗು ಕಣ್ಣು ಬಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿತ್ತು, ಯಾರೋ ಬರುತ್ತಿದ್ದಾರೆ ಅನ್ನುವ ಹಾಗೆ. ಅದನ್ನು ನೋಡಿ ಅವಳಿಗೆ ಸಮಾಧಾನವಾಯಿತು. ಅಪ್ಪ ಅವಮಾನ ನುಂಗಿದ್ದು ಸಾರ್ಥಕ ಅನ್ನಿಸಿತು. ದಿನಾ ಹಾಡಿದಳು, ವರ್ಷಗಟ್ಟಲೆ ಹಾಡಿದಳು.

ಮಗು ಬೆಳೆದು ಹುಡುಗಿಯಾಯಿತು. ಊರಿನ ಎಲ್ಲ ಮಕ್ಕಳ ಹಾಗೆ ಅದೂ ಭಾರದ ಮನೆಗೆ ಹೋಗತೊಡಗಿತು. ಅಲ್ಲಿ ಅದಕ್ಕೆ ಎಲ್ಲಿಲ್ಲದ ಮರ್ಯಾದೆ, ಮೂರ್ತಿಯಾಗಿ ನಿಂತವರ ಮೊಮ್ಮಗಳು ಅಂತ ಮುಂದಿನ ಮಣೆ.

ಒಂದು ಸಂಜೆ ಅವಳು ಮಗಳ ತಲೆ ಬಾಚುತ್ತಾ ಅಭ್ಯಾಸದಂತೆ ಹಾಡಿದಳು. ಒಂದು ನಿಂತು, ಒಂದು ಓಡಿ. ಹುಡುಗಿ ತಲೆ ಕೊಸರಿಕೊಂಡು ತಿರುಗಿತು.

"ಅಮ್ಮಾ, ನೀನು ತಪ್ಪು ಹಾಡ್ತೀಯ. ತಾತನ ಹಾಡು ಹಾಗಿಲ್ಲ. ನೀನು ಕುಂಟಿಸ್ತೀಯ."

ಅವಳ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. "ಅದು ಕುಂಟು ಅಲ್ಲ ಕಂದಾ. ಅದು ನಿಮ್ಮಜ್ಜಿ ಬರ್ತಿರೋದು. ನೀನು ಚಿಕ್ಕವಳಿದ್ದಾಗ ಬಾಗಿಲು ನೋಡ್ತಿದ್ದೆ, ನೆನಪಿಲ್ವಾ?"

"ನಂಗೆ ನಾಚಿಕೆ ಆಗುತ್ತೆ ಅಮ್ಮಾ, ಪಕ್ಕದ ಮನೆಯವರಿಗೆ ಕೇಳಿಸುತ್ತೆ. ತಾಳು, ನಾನು ಹೇಳಿಕೊಡ್ತೀನಿ."

ಹುಡುಗಿ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಬೆನ್ನು ನೇರ ಮಾಡಿ, ಕಣ್ಣು ಮುಚ್ಚಿ ಹಾಡಿತು. ಒಂದು ಸ್ವರ, ಒಂದು ಸ್ವರ, ಒಂದು ಸ್ವರ. ಒಂದೂ ತಪ್ಪಿಲ್ಲ. ಮೊದಲಿಂದ ಕೊನೆಯ ತನಕ ಹಾಡಿತು, ಕೊನೆಯಿಂದ ಮತ್ತೆ ಮೊದಲಿಗೆ ಬಂತು. ಅವಳು ಮಗಳ ಮುಖವನ್ನೇ ನೋಡುತ್ತಾ ಕೂತಳು. ಅಳಬೇಕು ಅಂತ ಇತ್ತು ಅವಳಿಗೆ. ಬಾಯಿ ತೆರೆದಳು. ದೊಡ್ಡದಾಗಿ ಆಕಳಿಸಿದಳು.

ಹುಡುಗಿ ಕಣ್ಣು ಬಿಟ್ಟು ಚಪ್ಪಾಳೆ ತಟ್ಟಿತು. "ಬಂತು, ಬಂತು! ಅಮ್ಮನಿಗೂ ಬಂತು!" ಅಂತ ಕುಣಿಯುತ್ತಾ, ದೊಡ್ಡ ತೂಕದವರಿಗೆ ಹೇಳಿ ಬರಲು ಬೀದಿಗೆ ಓಡಿತು.